ಅಪ್‌ಡೇಟ್ ಆದ ಮೇಲೆ ದನಿ ಎಲ್ಲಿ ಹೋಯಿತು?

ಪ್ರಶ್ನೆ: ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ. ಎಂಟು ವರ್ಷದಿಂದ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ (ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಕೇಳಿಕೊಂಡೇ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೇನೆ. ಕಳೆದ ವಾರ ವಿಂಡೋಸ್ 10ರಿಂದ 11ಕ್ಕೆ ಅಪ್‌ಡೇಟ್ ಮಾಡಿದೆ. ಮತ್ತೆ ಆನ್ ಆದಾಗ ಒಂದು ಮಾತೂ ಇಲ್ಲ. ಮಾರನೇ ದಿನ ಮಗ ಬಂದು ಏನೋ ಮಾಡಿದ ಮೇಲೆ ದನಿ ಬಂತು. ಅದೇ ಹೊತ್ತಿಗೆ ಅವನು ಎನ್‌ವಿಡಿಎಯನ್ನೂ ಹೊಸ ಆವೃತ್ತಿಗೆ ಬದಲಿಸಿದ. ಈಗ ಮಾತಾಡುತ್ತದೆ, ಆದರೆ ವೈಫೈ, ಬ್ಯಾಟರಿ ಎಲ್ಲಿವೆ ಅಂತ ಗೊತ್ತಾಗುತ್ತಿಲ್ಲ. ಫೈಲ್ ಮೇಲೆ ಮೆನು ತೆರೆದರೆ ಮೊದಲಿನ ಆಯ್ಕೆಗಳು ಸಿಗುತ್ತಿಲ್ಲ. ಎನ್‌ವಿಡಿಎಗೆ ಸೇರಿಸಿಕೊಂಡಿದ್ದ ನಾಲ್ಕು ಆಡ್‌ಆನ್‌ಗಳಲ್ಲಿ (ಹೆಚ್ಚುವರಿ ಸೌಲಭ್ಯದ ಪುಟ್ಟ ತಂತ್ರಾಂಶಗಳು) ಎರಡು ಮಾಯ. ದಿನಾ ಬಳಸುವ ಒಂದು ತಂತ್ರಾಂಶದಲ್ಲಿ ಬರೀ "ಬಟನ್, ಬಟನ್" ಅನ್ನುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಲಾ? ಇಲ್ಲ, ಹಳೆಯ ವಿಂಡೋಸ್‌ಗೇ ವಾಪಸ್ ಹೋಗಲಾ?

ಉತ್ತರ: ಅಳಿಸಬೇಡಿ. ವಾಪಸ್ ಹೋಗುವ ಮಾತನ್ನೂ ಎರಡು ದಿನ ಪಕ್ಕಕ್ಕಿಡಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಸ್ಕ್ರೀನ್ ರೀಡರ್ ಕೆಟ್ಟಿಲ್ಲ. ನಾಲ್ಕು ಬೇರೆ ಬೇರೆ ತೊಂದರೆಗಳು ಒಂದೇ ವಾರದಲ್ಲಿ ಬಂದಿವೆ, ಒಂದಕ್ಕೊಂದು ಸಂಬಂಧ ಇಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡರೆ ಕಂಪ್ಯೂಟರೇ ಹಾಳಾಯಿತು ಅನ್ನಿಸುತ್ತದೆ. ಒಂದೊಂದಾಗಿ ಬಿಡಿಸೋಣ.

ನಾನೂ ಕೇಳಿಕೊಂಡೇ ಕಂಪ್ಯೂಟರ್ ಬಳಸುವವನು. ಆ ಮೊದಲ ದಿನದ ಮೌನ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು. ಕಣ್ಣಿದ್ದವರಿಗೆ ಸ್ಕ್ರೀನ್ ಕಪ್ಪಾದರೂ ಕೊನೆಗೆ ಒಂದು ಲೈಟ್ ಆದರೂ ಕಾಣುತ್ತದೆ. ನಮಗೆ ದನಿ ಹೋಯಿತು ಅಂದರೆ ಮುಂದೆ ಇರುವುದು ಒಂದು ಬಿಸಿ ಪೆಟ್ಟಿಗೆ ಅಷ್ಟೇ. ಹಲವು ವರ್ಷಗಳ ಹಿಂದೆ ಒಂದು ಸಂಜೆ ನನಗೂ ಹೀಗೇ ಆಯಿತು. ಗಾಬರಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಎನ್‌ವಿಡಿಎ ತೆಗೆದು ಹಾಕಿಸಿದೆ, ಮತ್ತೆ ಹಾಕಿಸಿದೆ. ವರ್ಷಗಟ್ಟಲೆ ತಿದ್ದಿಕೊಂಡಿದ್ದ ಉಚ್ಚಾರಣೆಯ ಪಟ್ಟಿ, ವೇಗ, ಶಾರ್ಟ್‌ಕಟ್ ಎಲ್ಲ ಹೋಯಿತು. ದನಿ ಮಾತ್ರ ಬರಲಿಲ್ಲ. ಮಾರನೇ ದಿನ ಗೆಳೆಯನೊಬ್ಬ ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳಿದ: ದನಿ ಹೋಗುತ್ತಿರುವುದು ಮಾನಿಟರ್‌ಗೆ. ಆ ಮಾನಿಟರ್‌ಗೆ ಸ್ಪೀಕರೇ ಇರಲಿಲ್ಲ. ಎನ್‌ವಿಡಿಎ ಇಡೀ ಸಂಜೆ ಮಾತಾಡುತ್ತಲೇ ಇತ್ತು. ಕೇಳುವ ಕಡೆಗೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ನಿಮ್ಮ ಮಗ ಮಾಡಿದ್ದೂ ಬಹುಶಃ ಇದನ್ನೇ. ದೊಡ್ಡ ಅಪ್‌ಡೇಟ್‌ನಲ್ಲಿ ಆಡಿಯೋ ಡ್ರೈವರ್, ಅಂದರೆ ಸ್ಪೀಕರನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ, ಬದಲಾಗಬಹುದು. ಆಗ ವಿಂಡೋಸ್ ದನಿಯನ್ನು ಯಾವ ಕಡೆಗೆ ಕಳಿಸಬೇಕು ಅಂತ ಮತ್ತೆ ತೀರ್ಮಾನ ಮಾಡುತ್ತದೆ. ಮಾನಿಟರ್, ಹಳೆಯ ಬ್ಲೂಟೂತ್ ಹೆಡ್‌ಫೋನ್, ಏನಾದರೂ ಆಯ್ಕೆಯಾಗಬಹುದು. ಕೆಲವೊಮ್ಮೆ ಹೊಸ ಡ್ರೈವರ್ ಸರಿಯಾಗಿ ಕೂರದೆ ಸ್ಪೀಕರೇ ಇಲ್ಲ ಅನ್ನುವ ಸ್ಥಿತಿಗೂ ಬರುತ್ತದೆ.

ಮುಂದಿನ ಸಲ ಹೀಗಾದರೆ ಯಾರಿಗೂ ಕಾಯಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ ಜೊತೆಗೇ ಬರುವ ಸ್ಕ್ರೀನ್ ರೀಡರ್ ನರೇಟರ್ ಶುರುವಾಗಬೇಕು. ಇದು ಲಾಗಿನ್ ಆಗುವ ಮೊದಲೂ ಕೆಲಸ ಮಾಡುತ್ತದೆ, ಅಪ್‌ಡೇಟ್ ಮುಗಿದ ಮೇಲೆ ಬರುವ ಸೆಟಪ್ ಪುಟಗಳಲ್ಲೂ ಕೆಲಸ ಮಾಡುತ್ತದೆ. ಹತ್ತು ಹದಿನೈದು ಸೆಕೆಂಡ್ ಬಿಡಿ. ನರೇಟರ್ ಮಾತಾಡಿದರೆ ಸ್ಪೀಕರ್ ಸರಿ ಇದೆ, ತೊಂದರೆ ಎನ್‌ವಿಡಿಎಯದು. ನರೇಟರೂ ಸುಮ್ಮನಿದ್ದರೆ ತೊಂದರೆ ದನಿಯ ದಾರಿಯದು. ಆಗ ಎನ್‌ವಿಡಿಎ ಮುಟ್ಟಲು ಹೋಗಲೇಬೇಡಿ. ಈ ಒಂದು ಪರೀಕ್ಷೆ ಗೊತ್ತಿದ್ದರೆ ನನ್ನ ಆ ಸಂಜೆ, ನಿಮ್ಮ ಆ ರಾತ್ರಿ ಎರಡೂ ಉಳಿಯುತ್ತಿತ್ತು.

ದನಿಯ ದಾರಿ ತಪ್ಪಿದೆ ಅಂತ ಗೊತ್ತಾದರೆ, ನನಗೆ ಗೊತ್ತಿರುವ ಅತಿ ಸುಲಭದ ಉಪಾಯ ಯುಎಸ್‌ಬಿ ಹೆಡ್‌ಸೆಟ್. ದುಂಡು ಪಿನ್ನಿನದಲ್ಲ, ಚಪ್ಪಟೆ ಯುಎಸ್‌ಬಿ ಪ್ಲಗ್ ಇರುವುದು. ದುಂಡು ಪಿನ್ನಿನ ಹೆಡ್‌ಫೋನ್ ಅದೇ ಕೆಟ್ಟ ಡ್ರೈವರನ್ನೇ ನಂಬಿಕೊಂಡಿರುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಒಳಗೆ ಅದರದೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಚುಚ್ಚಿದ ಕೆಲವೇ ಸೆಕೆಂಡಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ದನಿಯನ್ನು ಅದಕ್ಕೆ ತಿರುಗಿಸುತ್ತದೆ. ಡ್ರಾಯರ್‌ನಲ್ಲಿ ಒಂದು ಇಟ್ಟಿರಿ. ದಿನಾ ಬಳಸಬೇಡಿ, ಕೇಬಲ್ ಸವೆಯದ ಹಾಗೆ ಇರಲಿ. ದನಿ ಬಂದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋಗಿ ಸ್ಪೀಕರ್ ಆಯ್ಕೆ ಸರಿ ಮಾಡಬಹುದು. ಈಚಿನ ವಿಂಡೋಸ್ 11ರಲ್ಲಿ ಇನ್ನೂ ಹತ್ತಿರದ ದಾರಿ ಇದೆ: ವಿಂಡೋಸ್, ಕಂಟ್ರೋಲ್, ವಿ ಒತ್ತಿದರೆ ದನಿ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿ ನೇರವಾಗಿ ತೆರೆಯುತ್ತದೆ.

ಹೆಡ್‌ಸೆಟ್ ಇಲ್ಲದಿದ್ದರೆ ಒಂದು ಸಲ ರೀಸ್ಟಾರ್ಟ್ ಮಾಡಿ. ಅರ್ಧ ಕೂತಿದ್ದ ಡ್ರೈವರ್ ಎಷ್ಟೋ ಸಲ ಎರಡನೇ ಸ್ಟಾರ್ಟ್‌ನಲ್ಲಿ ಪೂರ್ತಿ ಕೂರುತ್ತದೆ. ದನಿ ಇಲ್ಲದೆ ರೀಸ್ಟಾರ್ಟ್ ಹೇಗೆ ಅಂದರೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ವಿಂಡೋಸ್ ಮತ್ತು ಎಕ್ಸ್ ಒತ್ತಿ ಬಿಡಿ, ಆಮೇಲೆ ಯು, ಆಮೇಲೆ ಆರ್. ಪವರ್ ಬಟನ್ ಒತ್ತಿ ಹಿಡಿಯುವುದು ಕೊನೆಯ ದಾರಿ. ಅಪ್‌ಡೇಟ್ ಇನ್ನೂ ನಡೆಯುತ್ತಿದ್ದರೆ ಅದು ನಿಜಕ್ಕೂ ಅಪಾಯ.

ನಡೆಯುತ್ತಿದೆಯೋ ಮುಗಿದಿದೆಯೋ ಅಂತ ತಿಳಿಯುವುದು ಹೇಗೆ? ಇದು ಎಲ್ಲರೂ ಕೇಳುವ ಪ್ರಶ್ನೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ "ಅಪ್‌ಡೇಟ್ ಆಗುತ್ತಿದೆ, ಇಷ್ಟು ಶೇಕಡಾ" ಅಂತ ತೋರಿಸುವ ಹೊತ್ತಿನಲ್ಲಿ ಯಾವ ಸ್ಕ್ರೀನ್ ರೀಡರೂ ಮಾತಾಡುವುದಿಲ್ಲ. ಎನ್‌ವಿಡಿಎ ಇಲ್ಲ, ಜಾಸ್ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಇಲ್ಲ, ನರೇಟರೂ ಇಲ್ಲ. ಮಾತಾಡುವ ತಂತ್ರಾಂಶ ಏಳಲು ಬೇಕಾದ ವಿಂಡೋಸೇ ಆಗ ಪೂರ್ತಿ ಎದ್ದಿರುವುದಿಲ್ಲ. ಆ ಹೊತ್ತಿನ ಮೌನ ಸಹಜ, ಹೆದರಬೇಡಿ. ಫೋನನ್ನು ಸ್ಕ್ರೀನ್ ಎದುರಿಗೆ ಹಿಡಿದು ಸೀಯಿಂಗ್ ಎಐನಂಥ ಅಕ್ಷರ ಓದುವ ಆ್ಯಪ್ ತೆರೆದರೆ ಶೇಕಡಾ ಎಷ್ಟಾಯಿತು ಅಂತ ಓದಿ ಹೇಳುತ್ತದೆ. ಬಿ ಮೈ ಐಸ್ ಆ್ಯಪ್‌ನಲ್ಲಿ ಕರೆ ಮಾಡಿದರೆ ಕಣ್ಣಿರುವ ಸ್ವಯಂಸೇವಕರೊಬ್ಬರು ಕ್ಯಾಮೆರಾದಲ್ಲಿ ನೋಡಿ ಹೇಳುತ್ತಾರೆ. 2015ರಿಂದ ನಡೆಯುತ್ತಿರುವ ಸೇವೆ ಅದು, ಇಂಥ ಹೊತ್ತಿಗೆ ದೊಡ್ಡ ಆಸರೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಮಾತ್ರ ಫೋನನ್ನು ಪಕ್ಕಕ್ಕೆ ತಿರುಗಿಸಿ.

ಪಾಸ್‌ವರ್ಡ್ ಅಂದಾಗ ನೆನಪಾಯಿತು. ಕನ್ನಡ ಕೀಲಿಮಣೆ ಹಾಕಿಕೊಂಡಿರುವವರಿಗೆ ಅಪ್‌ಡೇಟ್ ಆದ ಮೇಲೆ ಇನ್ನೊಂದು ಕಾಟ ಬರಬಹುದು. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತದೆ. ಲಾಗಿನ್ ಪುಟದಲ್ಲಿ ಕೀಲಿಮಣೆ ಕನ್ನಡಕ್ಕೆ ತಿರುಗಿರುತ್ತದೆ, ನೀವು ಒತ್ತಿದ ಇಂಗ್ಲಿಷ್ ಅಕ್ಷರ ಕನ್ನಡದ್ದಾಗಿ ಬೀಳುತ್ತದೆ. ವಿಂಡೋಸ್ ಮತ್ತು ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ, ಸ್ಕ್ರೀನ್ ರೀಡರ್ ಅದರ ಹೆಸರನ್ನೂ ಹೇಳುತ್ತದೆ. ಪಾಸ್‌ವರ್ಡ್ ಮರೆತೆ ಅಂತ ಬದಲಿಸಲು ಹೊರಡುವ ಮೊದಲು ಇದನ್ನು ನೋಡಿ.

ಇನ್ನು ನರೇಟರ್ ಮಾತಾಡುತ್ತದೆ, ಎನ್‌ವಿಡಿಎ ಮಾತ್ರ ಸುಮ್ಮನಿದೆ ಅನ್ನುವ ಸ್ಥಿತಿ. ಕಂಟ್ರೋಲ್, ಆಲ್ಟ್, ಎನ್ ಒತ್ತಿ. ಎನ್‌ವಿಡಿಎ ಏಳುವಾಗ ಏರುವ ಸ್ವರದ ಒಂದು ಪುಟ್ಟ ಸಂಗೀತ ಕೇಳುತ್ತದಲ್ವಾ, ಅದನ್ನು ಗಮನವಿಟ್ಟು ಕೇಳಿ. ಸಂಗೀತ ಬಂದು ಮಾತು ಬರದಿದ್ದರೆ ಎನ್‌ವಿಡಿಎ ಎದ್ದಿದೆ, ಅಕ್ಷರವನ್ನು ಮಾತಾಗಿಸುವ ಅದರ ಧ್ವನಿ ಎಂಜಿನ್ ಎದ್ದಿಲ್ಲ. ಇನ್‌ಸರ್ಟ್, ಕಂಟ್ರೋಲ್, ಎಸ್ ಒತ್ತಿದರೆ ಎಂಜಿನ್ ಆಯ್ಕೆ ಮಾಡುವ ಪೆಟ್ಟಿಗೆ ತೆರೆಯುತ್ತದೆ. ನರೇಟರ್ ಸಹಾಯದಲ್ಲಿ ಅದನ್ನು ಓದಿಕೊಂಡು ಇಸ್ಪೀಕ್ ಎನ್‌ಜಿ ಆರಿಸಿ. ಅದು ಎನ್‌ವಿಡಿಎ ಒಳಗೇ ಇರುತ್ತದೆ, ಹೊರಗಿನ ಯಾವುದನ್ನೂ ನಂಬಿಕೊಂಡಿಲ್ಲ, ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ ಹಾಗೆ ಇರುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಕಷ್ಟಕಾಲಕ್ಕೆ ಆಗುವುದು ಅದೇ. ಕೈತಪ್ಪಿ ಇನ್‌ಸರ್ಟ್ ಮತ್ತು ಎಸ್ ಒತ್ತಿದ್ದರೂ ಮಾತು ನಿಲ್ಲುತ್ತದೆ. ಅದೇ ಎರಡು ಕೀಗಳನ್ನು ಮತ್ತೆ ಮತ್ತೆ ಒತ್ತಿ, ಮಾತು ಮರಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎನ್‌ವಿಡಿಎ ಬಂದ ಮೇಲೆ ನರೇಟರ್ ನಿಲ್ಲಿಸಿ, ಅದೇ ಮೂರು ಕೀಗಳಿಂದ. ಎರಡೂ ಒಟ್ಟಿಗೆ ಮಾತಾಡಿದರೆ ಕೀಗಳು ಒಂದಕ್ಕೆ ಹೋಗುತ್ತವೆ, ಉತ್ತರ ಇನ್ನೊಂದು ಕೊಡುತ್ತದೆ. ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಹುಚ್ಚುಹುಚ್ಚಾಗಿ ಆಡುತ್ತಿದೆ ಅಂತ ಕರೆ ಮಾಡಿದವರಲ್ಲಿ ಕೆಲವರದು ಇದೇ ಕಥೆ.

ಈಗ ನಿಮ್ಮ ವೈಫೈ, ಬ್ಯಾಟರಿ ವಿಷಯ. ಇವು ಕಳೆದುಹೋಗಿಲ್ಲ, ಮನೆ ಬದಲಿಸಿವೆ. ಯಾಕೆ ಅಂತ ತಿಳಿದರೆ ಮುಂದಿನ ಅಪ್‌ಡೇಟ್‌ಗೂ ಉಪಯೋಗ ಆಗುತ್ತದೆ. ಸ್ಕ್ರೀನ್ ರೀಡರ್ ಅನ್ನುವ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದು ಕಣ್ಣಿನ ಹಾಗೆ ಸ್ಕ್ರೀನ್ ನೋಡುವುದಿಲ್ಲ. ಪ್ರತಿ ತಂತ್ರಾಂಶವನ್ನೂ ಕೇಳುತ್ತದೆ: ಈಗ ಯಾವುದರ ಮೇಲೆ ಇದ್ದೇವೆ, ಅದರ ಹೆಸರೇನು, ಅದು ಬಟನ್ನೋ ಲಿಂಕೋ, ಒತ್ತಿದೆಯೋ ಇಲ್ಲವೋ. ಹೀಗೆ ಕೇಳುವುದಕ್ಕೂ ಹೇಳುವುದಕ್ಕೂ ವಿಂಡೋಸ್‌ನಲ್ಲಿ ಒಂದು ಗೊತ್ತಾದ ಭಾಷೆ ಇದೆ. 1997ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ ಬಂತು, ಆಮೇಲೆ ವಿಸ್ತಾ ಕಾಲದಲ್ಲಿ ಯುಐ ಆಟೊಮೇಷನ್ ಬಂತು. ತಂತ್ರಾಂಶ ಬರೆದವರು ಪ್ರತಿ ಬಟನ್‌ಗೂ ಹೆಸರು ಕೊಟ್ಟಿದ್ದರೆ ನಮಗೆ "ಉಳಿಸು, ಬಟನ್" ಅಂತ ಕೇಳುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಬರೀ "ಬಟನ್". ಚಿತ್ರದಲ್ಲಿ ಫ್ಲಾಪಿಯ ಗುರುತು ಎಷ್ಟೇ ಚೆಂದ ಇರಲಿ, ಹೆಸರು ಬರೆಯದಿದ್ದರೆ ನಮಗೆ ಅದು ಇಲ್ಲ. ದೊಡ್ಡ ಅಪ್‌ಡೇಟ್‌ನಲ್ಲಿ ಈ ಬಟನ್‌ಗಳನ್ನೇ ಹೊಸದಾಗಿ ಬರೆಯುತ್ತಾರೆ. ವೈಫೈ, ಬ್ಯಾಟರಿ ಗುರುತುಗಳಿರುವ ಕೆಳಗಿನ ಪಟ್ಟಿ, ಅಂದರೆ ವಿಂಡೋಸ್ 11ರ ಟಾಸ್ಕ್‌ಬಾರ್, ಹಾಗೆ ಪೂರ್ತಿ ಹೊಸದಾಗಿ ಬರೆದದ್ದು. ಎನ್‌ವಿಡಿಎ ಮೊದಲಿನ ಹಾಗೇ ಕೇಳುತ್ತದೆ, ಉತ್ತರ ಕೊಡುವವರು ಬದಲಾಗಿದ್ದಾರೆ.

ಬ್ಯಾಟರಿ ಎಷ್ಟಿದೆ ಅಂತ ನೋಡಲು ಟಾಸ್ಕ್‌ಬಾರ್‌ಗೆ ಹೋಗಲೇಬೇಕಿಲ್ಲ. ಇನ್‌ಸರ್ಟ್, ಶಿಫ್ಟ್, ಬಿ ಒತ್ತಿ, ಎನ್‌ವಿಡಿಎ ತಾನೇ ಹೇಳುತ್ತದೆ. ಸಮಯಕ್ಕೆ ಇನ್‌ಸರ್ಟ್ ಮತ್ತು ಎಫ್12, ಎರಡು ಸಲ ಒತ್ತಿದರೆ ದಿನಾಂಕ. ವಿಂಡೋಸ್ ಎಷ್ಟೇ ಬದಲಾಗಲಿ, ಇವು ಸ್ಕ್ರೀನ್ ರೀಡರಿನದೇ ಕೀಗಳು, ಹಾಗಾಗಿ ಜಾಗ ಬದಲಿಸುವುದಿಲ್ಲ.

ವೈಫೈಗೆ ವಿಂಡೋಸ್ ಮತ್ತು ಎ ಒತ್ತಿ. ವಿಂಡೋಸ್ 10ರಲ್ಲಿ ಇದೇ ಕೀ ನೋಟಿಫಿಕೇಷನ್‌ಗಳನ್ನು ತೆರೆಯುತ್ತಿತ್ತು, ನಿಮ್ಮ ಬೆರಳಿಗೆ ಅದೇ ಅಭ್ಯಾಸ ಇರಬೇಕು. ಈಗ ಅದು ಕ್ವಿಕ್ ಸೆಟ್ಟಿಂಗ್ಸ್ ತೆರೆಯುತ್ತದೆ. ನೋಟಿಫಿಕೇಷನ್‌ಗಳು ವಿಂಡೋಸ್ ಮತ್ತು ಎನ್‌ಗೆ ಹೋಗಿವೆ. ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಕೇಳಿ. ವೈಫೈ ಮೇಲೆ ಬಂದ ಕೂಡಲೇ ಎಂಟರ್ ಒತ್ತಿದರೆ ಪಟ್ಟಿ ತೆರೆಯುವುದಿಲ್ಲ, ವೈಫೈ ಆಫ್ ಆಗುತ್ತದೆ. ಅದು ಆನ್ ಆಫ್ ಮಾಡುವ ಬಟನ್. ಅಲ್ಲಿಂದ ಬಲ ಬಾಣದ ಕೀ ಒಂದು ಸಲ ಒತ್ತಿ. ವೈಫೈ ಸಂಪರ್ಕಗಳನ್ನು ನಿರ್ವಹಿಸುವ ಇನ್ನೊಂದು ಬಟನ್ ಸಿಗುತ್ತದೆ, ಇಂಗ್ಲಿಷಿನಲ್ಲಿ "ಮ್ಯಾನೇಜ್ ವೈಫೈ ಕನೆಕ್ಷನ್ಸ್" ಅನ್ನುತ್ತದೆ. ಅದರ ಮೇಲೆ ಎಂಟರ್ ಒತ್ತಿದರೆ ಸುತ್ತಲಿನ ನೆಟ್‌ವರ್ಕ್‌ಗಳ ಪಟ್ಟಿ ಬರುತ್ತದೆ. ನೋಡುವವರಿಗೆ ಇದು ಒಂದೇ ಬಟನ್ನಿನ ಎರಡು ಭಾಗದ ಹಾಗೆ ಕಾಣುತ್ತದೆ. ನಮಗೆ ಎರಡು ಬಟನ್. ವಿಂಡೋಸ್ ಮತ್ತು ಬಿ ಒತ್ತಿ ಬಾಣದ ಕೀಗಳಲ್ಲಿ ಹೋಗುವ ಹಳೆಯ ದಾರಿ ಈಗಲೂ ಇದೆ. ಆದರೆ ವೈಫೈ, ವಾಲ್ಯೂಮ್, ಬ್ಯಾಟರಿ ಯಾವುದನ್ನು ಒತ್ತಿದರೂ ಇದೇ ಕ್ವಿಕ್ ಸೆಟ್ಟಿಂಗ್ಸ್ ತೆರೆಯುತ್ತದೆ.

ಫೈಲಿನ ಮೆನು. ವಿಂಡೋಸ್ 11 ಅದನ್ನು ಚಿಕ್ಕದು ಮಾಡಿತು. ಕಟ್, ಕಾಪಿ, ರೀನೇಮ್, ಡಿಲೀಟ್‌ಗಳನ್ನು ಮೆನು ಸಾಲಿನಿಂದ ತೆಗೆದು ಒಂದು ಅಡ್ಡ ಸಾಲಿನ ಬಟನ್‌ಗಳಾಗಿ ಮಾಡಿತು. ಕೆಳಗೆ ಮೇಲೆ ಹೋಗುವ ಬಾಣದಲ್ಲಿ ಅವು ಒಂದೊಂದಾಗಿ ಬರುವುದಿಲ್ಲ, ಎಡ ಬಲ ಬಾಣ ಬೇಕು. ಉಳಿದ ಎಷ್ಟೋ ಆಯ್ಕೆಗಳು ಇನ್ನೊಂದು ಮೆಟ್ಟಿಲು ಒಳಗೆ ಹೋಗಿವೆ. ನನ್ನ ಸಲಹೆ: ಆ ಮೆನುವನ್ನೇ ಬಿಡಿ. ಶಿಫ್ಟ್ ಮತ್ತು ಎಫ್10 ಒತ್ತಿದರೆ ನಿಮಗೆ ಅಭ್ಯಾಸ ಇರುವ ಹಳೆಯ ಉದ್ದನೆಯ ಮೆನುವೇ ತೆರೆಯುತ್ತದೆ. ಕಂಟ್ರೋಲ್ ಸಿ, ಕಂಟ್ರೋಲ್ ಎಕ್ಸ್, ಎಫ್2, ಡಿಲೀಟ್ ಇವೆಲ್ಲ ಮೊದಲಿನ ಹಾಗೇ ಇವೆ. 2024ರಿಂದ ಬರುತ್ತಿರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆನು ಕೀ ಇದ್ದ ಜಾಗದಲ್ಲಿ ಕೋಪೈಲಟ್ ಕೀ ಕೂತಿದೆ. ಹಾಗಾಗಿ ಶಿಫ್ಟ್ ಎಫ್10 ಕಲಿಯುವುದು ಹೇಗಿದ್ದರೂ ಒಳ್ಳೆಯದು.

ನೀವು ಕೇಳದ ಒಂದು ಬದಲಾವಣೆಯನ್ನೂ ಹೇಳುತ್ತೇನೆ, ಯಾಕೆಂದರೆ ಅದು ಮೋಸ ಮಾಡುತ್ತದೆ. ನೋಟ್‌ಪ್ಯಾಡ್ ಮುಚ್ಚಿದರೆ ಮೊದಲು "ಉಳಿಸಬೇಕಾ?" ಅಂತ ಕೇಳುತ್ತಿತ್ತು. ನಾವು ಆ ಪ್ರಶ್ನೆಗೆ ಕಿವಿ ಕೊಟ್ಟು ಕೂರುತ್ತಿದ್ದೆವು. ಹೊಸ ನೋಟ್‌ಪ್ಯಾಡ್ ಕೇಳದೆಯೇ ಮುಚ್ಚಿಕೊಳ್ಳುತ್ತದೆ. ಬರೆದದ್ದು ಹೋಗಿರುವುದಿಲ್ಲ, ಮತ್ತೆ ತೆರೆದರೆ ಅದೇ ಟ್ಯಾಬ್‌ನಲ್ಲಿ ಇರುತ್ತದೆ. ಆದರೆ ಫೈಲಾಗಿ ಉಳಿದಿಲ್ಲ. ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಟ್ಯಾಬ್‌ಗೆ ಕಂಟ್ರೋಲ್ ಎನ್, ಟ್ಯಾಬ್ ಮುಚ್ಚಲು ಕಂಟ್ರೋಲ್ ಡಬ್ಲ್ಯೂ.

ಆಡ್‌ಆನ್‌ಗಳಿಗೆ ಬರೋಣ. ಇದರಲ್ಲಿ ವಿಂಡೋಸ್‌ನ ತಪ್ಪಿಲ್ಲ. ಮಗ ಪ್ರೀತಿಯಿಂದ ಎನ್‌ವಿಡಿಎಯನ್ನೂ ಹೊಸದು ಮಾಡಿದರಲ್ಲ, ಅದರಿಂದ ಆದದ್ದು. ಎನ್‌ವಿಡಿಎಯ ಆವೃತ್ತಿಗಳಿಗೆ ವರ್ಷದ ಹೆಸರು. ಪ್ರತಿ ವರ್ಷದ ಮೊದಲ ಆವೃತ್ತಿಯಲ್ಲಿ, ಅಂದರೆ 2024.1, 2025.1 ಇಂಥವುಗಳಲ್ಲಿ, ಒಳಗಿನ ಕಟ್ಟಡ ಬದಲಾಗುತ್ತದೆ. ಆಡ್‌ಆನ್ ಬರೆದವರು ತಮ್ಮದನ್ನು ಅದಕ್ಕೆ ಹೊಂದಿಸಿ ಮತ್ತೆ ಬಿಡುಗಡೆ ಮಾಡುವವರೆಗೆ ಹಳೆಯದನ್ನು ಎನ್‌ವಿಡಿಎ ತಡೆದಿಡುತ್ತದೆ. ಇದು ನಿಮ್ಮನ್ನು ಕಾಪಾಡಲು. ಹೊಂದದ ಆಡ್‌ಆನ್ ಒಳಗೆ ಬಿಟ್ಟರೆ ಎನ್‌ವಿಡಿಎಯೇ ಏಳದೆ ಹೋಗಬಹುದು. ಇನ್‌ಸರ್ಟ್ ಎನ್ ಒತ್ತಿ, ಟೂಲ್ಸ್ ಒಳಗೆ ಆಡ್‌ಆನ್ ಸ್ಟೋರ್ ತೆರೆಯಿರಿ. 2023.2ರಿಂದ ಅದು ಎನ್‌ವಿಡಿಎ ಒಳಗೇ ಇದೆ. ಕಂಟ್ರೋಲ್ ಟ್ಯಾಬ್ ಒತ್ತುತ್ತಾ ಹೋದರೆ ಅಪ್‌ಡೇಟ್ ಸಿದ್ಧವಿರುವ ಆಡ್‌ಆನ್‌ಗಳ ಟ್ಯಾಬ್ ಸಿಗುತ್ತದೆ, ಹೊಂದದ ಆಡ್‌ಆನ್‌ಗಳ ಟ್ಯಾಬ್ ಕೂಡ ಸಿಗುತ್ತದೆ. ನಿಮ್ಮ ಎರಡೂ ಅಲ್ಲಿರಬೇಕು. ಹೊಸದು ಬಂದಿದ್ದರೆ ಹಾಕಿಕೊಳ್ಳಿ. ಬಂದಿಲ್ಲದಿದ್ದರೆ, ಹೊಂದದಿದ್ದರೂ ಬಲವಂತವಾಗಿ ಚಾಲೂ ಮಾಡುವ ಆಯ್ಕೆ ಇದೆ. ಅದನ್ನು ಒಂದು ಸಲಕ್ಕೆ ಒಂದು ಆಡ್‌ಆನ್‌ಗೆ ಮಾತ್ರ ಬಳಸಿ, ಒಂದು ದಿನ ನೋಡಿ, ಆಮೇಲೆ ಇನ್ನೊಂದು. ತೊಂದರೆ ಆದರೆ ಇನ್‌ಸರ್ಟ್ ಕ್ಯೂ ಒತ್ತಿ, ಬರುವ ಪಟ್ಟಿಯಲ್ಲಿ ಆಡ್‌ಆನ್‌ಗಳಿಲ್ಲದೆ ಮತ್ತೆ ಶುರು ಮಾಡುವ ಆಯ್ಕೆ ಹುಡುಕಿ. ಎನ್‌ವಿಡಿಎ ಚುರುಕಾಗಿ ಎದ್ದರೆ ಕಳ್ಳ ಆಡ್‌ಆನ್‌ಗಳಲ್ಲೇ ಇದ್ದಾನೆ ಅಂತ ಅರ್ಥ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ವಿಂಡೋಸನ್ನೂ ಎನ್‌ವಿಡಿಎಯನ್ನೂ ಒಂದೇ ದಿನ ಬದಲಿಸಬೇಡಿ. ಒಂದು ವಾರವಾದರೂ ಅಂತರ ಇರಲಿ. ಎರಡೂ ಒಟ್ಟಿಗೆ ಬದಲಾದರೆ ಯಾವುದು ಕೈಕೊಟ್ಟಿತು ಅಂತ ತಿಳಿಯುವುದಿಲ್ಲ. ಸಾಮಾನ್ಯವಾಗಿ ಎನ್‌ವಿಡಿಎಯನ್ನು ಮೊದಲು ಹೊಸದು ಮಾಡುವುದು ಒಳ್ಳೆಯದು. ಹೊಸ ವಿಂಡೋಸ್‌ಗೆ ಬೇಕಾದ ತಿದ್ದುಪಡಿಗಳು ಹೊಸ ಎನ್‌ವಿಡಿಎಯಲ್ಲೇ ಇರುತ್ತವೆ.

ವಾಪಸ್ ಹೋಗುವ ಪ್ರಶ್ನೆ. ಆ ಬಾಗಿಲು ಅಪ್‌ಡೇಟ್ ಆದ 10 ದಿನ ಮಾತ್ರ ತೆರೆದಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. ನಿಮ್ಮ ಫೈಲ್‌ಗಳು ಉಳಿಯುತ್ತವೆ, ಅಪ್‌ಡೇಟ್ ಆದ ಮೇಲೆ ಹಾಕಿದ ತಂತ್ರಾಂಶಗಳು ಹೋಗುತ್ತವೆ. ಜಾಗ ಖಾಲಿ ಮಾಡಲು ಅಂತ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದ್ದರೆ ಬಾಗಿಲು ಆಗಲೇ ಮುಚ್ಚಿದೆ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ಕ್ರೀನ್ ರೀಡರ್ ಬಳಸುವ ನಾವು ಬ್ಯಾಂಕಿನಿಂದ ಹಿಡಿದು ಎಲ್ಲವನ್ನೂ ಇದೇ ಕಂಪ್ಯೂಟರ್‌ನಲ್ಲಿ ಮಾಡುತ್ತೇವೆ. ಭದ್ರತೆಯ ತೇಪೆ ಇಲ್ಲದ ಕಂಪ್ಯೂಟರ್‌ಗೆ ಮರಳುವುದಕ್ಕಿಂತ ಹೊಸ ಜಾಗಗಳನ್ನು ಕಲಿಯುವುದೇ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ನಿಮ್ಮ ಕೆಲಸಕ್ಕೆ ಬೇಕೇ ಬೇಕಾದ ತಂತ್ರಾಂಶ 11ರಲ್ಲಿ ಏಳುವುದೇ ಇಲ್ಲ ಅಂದರೆ ಮಾತ್ರ ವಾಪಸ್ ಹೋಗುವ ಯೋಚನೆ ಮಾಡಿ.

ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ. ಪ್ರತಿ ತಿಂಗಳ ಎರಡನೇ ಮಂಗಳವಾರ ಚಿಕ್ಕದು, ವರ್ಷಕ್ಕೊಮ್ಮೆ ದೊಡ್ಡದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 5 ವಾರದವರೆಗೆ ತಡೆದಿಡಬಹುದು. ಚಿಕ್ಕದನ್ನು ತಡೆಯಬೇಡಿ. ದೊಡ್ಡದು ಬಂದಾಗ ನಿಮಗೆ ಬಿಡುವಿರುವ, ಹತ್ತಿರ ಯಾರಾದರೂ ಇರುವ ದಿನ ನೋಡಿ ಮಾಡಿ. ಅದಕ್ಕೂ ಮೊದಲು ಒಂದು ಪೆನ್ ಡ್ರೈವ್‌ನಲ್ಲಿ ಎನ್‌ವಿಡಿಎಯ ಪೋರ್ಟಬಲ್ ಪ್ರತಿ (ಕಂಪ್ಯೂಟರ್‌ಗೆ ಹಾಕದೆಯೇ ಪೆನ್ ಡ್ರೈವ್‌ನಿಂದ ಓಡುವುದು) ಮಾಡಿಟ್ಟುಕೊಳ್ಳಿ. ಟೂಲ್ಸ್ ಮೆನುವಿನಲ್ಲೇ ಆ ಆಯ್ಕೆ ಇದೆ. ಈಗಿನ ಸೆಟ್ಟಿಂಗ್‌ಗಳನ್ನೂ ನಕಲು ಮಾಡುವ ಚೆಕ್‌ಬಾಕ್ಸ್ ಆಯ್ಕೆ ಮಾಡಿ. ಆಗ ಅದು ಎರಡು ಕೆಲಸ ಮಾಡುತ್ತದೆ: ಕಷ್ಟಕಾಲದ ದನಿಯೂ ಹೌದು, ನಿಮ್ಮ ಎಂಟು ವರ್ಷದ ತಿದ್ದುಪಡಿಗಳ ಬ್ಯಾಕಪ್ಪೂ ಹೌದು. ನಾನು ಕಳೆದುಕೊಂಡದ್ದು ಇದನ್ನೇ. ಪೋರ್ಟಬಲ್ ಪ್ರತಿ ಲಾಗಿನ್ ಪುಟದಲ್ಲಿ ಮಾತಾಡುವುದಿಲ್ಲ, ಅನುಮತಿ ಕೇಳುವ ಪೆಟ್ಟಿಗೆಗಳನ್ನೂ ಓದುವುದಿಲ್ಲ. ಅಲ್ಲಿಗೆ ನರೇಟರ್ ಇದ್ದೇ ಇದೆ.

ಇನ್ನೊಂದು ಎಚ್ಚರಿಕೆ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯದ ಬಗ್ಗೆ. ಕೆಲವು ಅಪ್‌ಡೇಟ್‌ಗಳ ನಂತರ ಕಂಪ್ಯೂಟರ್ 48 ಅಂಕೆಗಳ ರಿಕವರಿ ಕೀ ಕೇಳಬಹುದು. ಆಗ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಎನ್‌ವಿಡಿಎ ಕೂಡ ಇಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ಅಂತ ಇವತ್ತೇ ನೋಡಿ. ಫೋನ್‌ನಲ್ಲಿ ಕೇಳಿಕೊಳ್ಳುವ ಹಾಗೆ ಸುರಕ್ಷಿತ ಜಾಗದಲ್ಲಿ ಒಂದು ನಕಲು ಇಟ್ಟುಕೊಳ್ಳಿ.

ನಂಬಿಕೆಯ ಗೆಳೆಯರೊಬ್ಬರು ಎನ್‌ವಿಡಿಎ ಬಳಸುತ್ತಿದ್ದರೆ ಇನ್ನೂ ಚೆಂದದ ಉಪಾಯ ಇದೆ. 2025.1ರಿಂದ ದೂರದ ಕಂಪ್ಯೂಟರ್‌ಗೆ ಸೇರುವ ಸೌಲಭ್ಯ ಎನ್‌ವಿಡಿಎ ಒಳಗೇ ಬಂದಿದೆ. ಅದು ದನಿಯನ್ನು ಕಳಿಸುವುದಿಲ್ಲ, ಮಾತಿನ ಅಕ್ಷರಗಳನ್ನು ಕಳಿಸುತ್ತದೆ. ಅವರ ಕಂಪ್ಯೂಟರ್ ಅದನ್ನು ಓದುತ್ತದೆ. ಅಂದರೆ ನಿಮ್ಮ ಸ್ಪೀಕರ್ ಪೂರ್ತಿ ಸತ್ತಿದ್ದರೂ ನಿಮ್ಮ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಅವರಿಗೆ ಕೇಳುತ್ತದೆ! ಎನ್‌ವಿಡಿಎ ಶುರುವಾದಾಗ ತಾನೇ ಸೇರಿಕೊಳ್ಳುವ ಹಾಗೆ ಮೊದಲೇ ಹೊಂದಿಸಿರಬೇಕು. ಅಪ್‌ಡೇಟ್ ದಿನ ಮಾತ್ರ ಹಾಗೆ ಇಟ್ಟು, ಮುಗಿದ ಮೇಲೆ ತೆಗೆದುಬಿಡಿ. ಗುರುತಿಲ್ಲದವರಿಗೆ, ತಾವೇ ಫೋನ್ ಮಾಡಿ ಸಹಾಯ ಮಾಡುತ್ತೇವೆ ಅನ್ನುವವರಿಗೆ ಇಂಥ ಬಾಗಿಲು ಎಂದೂ ತೆರೆಯಬೇಡಿ.

ಬೇರೆ ಕಂಪ್ಯೂಟರ್, ಫೋನ್ ಬಳಸುವವರಿಗೂ ಅದರದೇ ಸ್ಕ್ರೀನ್ ರೀಡರನ್ನು ಎಬ್ಬಿಸುವ ಕೀ ಬಾಯಿಪಾಠ ಇರಬೇಕು. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಎಫ್5 ಒತ್ತಿದರೆ ವಾಯ್ಸ್‌ಓವರ್. ಗ್ನೋಮ್ ಇರುವ ಲಿನಕ್ಸ್‌ನಲ್ಲಿ ಸೂಪರ್, ಆಲ್ಟ್, ಎಸ್ ಒತ್ತಿದರೆ ಆರ್ಕಾ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಮೂರು ಸೆಕೆಂಡ್ ಹಿಡಿದರೆ ಟಾಕ್‌ಬ್ಯಾಕ್. ಬ್ರೈಲ್ ಡಿಸ್‌ಪ್ಲೇ ಇದ್ದವರಿಗೆ ದನಿ ಹೋದರೂ ಬೆರಳಿಗೆ ಅಕ್ಷರ ಸಿಗುತ್ತದೆ.

ಕೊನೆಗೆ ಆ "ಬಟನ್, ಬಟನ್". ಮೊದಲು ಆ ತಂತ್ರಾಂಶಕ್ಕೇ ಹೊಸ ಆವೃತ್ತಿ ಬಂದಿದೆಯಾ ನೋಡಿ. ಒಂದೇ ತಂತ್ರಾಂಶದಲ್ಲಲ್ಲ, ಬ್ರೌಸರ್‌ನಲ್ಲೂ "ಅನ್‌ನೋನ್" ಅನ್ನುತ್ತಿದ್ದರೆ, ತುಂಬಾ ನಿಧಾನವಾಗಿದ್ದರೆ, ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಕಾಮ್ ರಿಜಿಸ್ಟ್ರೇಷನ್ (ತಂತ್ರಾಂಶಗಳು ಒಂದಕ್ಕೊಂದು ಮಾತಾಡಲು ವಿಂಡೋಸ್ ಇಟ್ಟುಕೊಳ್ಳುವ ದಾಖಲೆ) ಸರಿಪಡಿಸುವ ಸಾಧನ ಇದೆ, ಒಂದು ಸಲ ಓಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅದೊಂದೇ ತಂತ್ರಾಂಶದಲ್ಲಿ ಹೀಗಾದರೆ ಹೆಸರು ಕೊಡಬೇಕಾದವರು ಅದನ್ನು ಬರೆದವರು. ಅವರಿಗೆ ಬರೆಯಿರಿ. "ಕೆಲಸ ಮಾಡುತ್ತಿಲ್ಲ" ಅಂತ ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ಯಾವ ಪುಟ, ಅಲ್ಲಿಗೆ ಹೋಗಲು ಎಷ್ಟು ಸಲ ಟ್ಯಾಬ್ ಒತ್ತಿದಿರಿ, ಎನ್‌ವಿಡಿಎ ಹೇಳಿದ ಮಾತು ಅಕ್ಷರಶಃ ಏನು, ಅಪ್‌ಡೇಟ್‌ಗೆ ಮೊದಲು ಏನು ಹೇಳುತ್ತಿತ್ತು, ವಿಂಡೋಸ್ ಮತ್ತು ಎನ್‌ವಿಡಿಎಯ ಆವೃತ್ತಿ ಯಾವುದು, ಇಷ್ಟು ಬರೆಯಿರಿ. ವಿಂಡೋಸ್‌ನ ಆವೃತ್ತಿಗೆ ವಿಂಡೋಸ್ ಮತ್ತು ಆರ್ ಒತ್ತಿ "ವಿನ್‌ವರ್" ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಹೆಸರಿಲ್ಲದ ಬಟನ್‌ಗೆ ಹೆಸರು ಹಾಕುವುದು ಬರೆಯುವವರಿಗೆ ಬಹಳ ಸಲ ಒಂದೇ ಸಾಲಿನ ಕೆಲಸ. ಯಾವ ಬಟನ್ ಅಂತ ಅವರಿಗೆ ಗೊತ್ತಾಗಬೇಕು, ಅಷ್ಟೇ. ಉತ್ತರ ಬರುವವರೆಗೆ, ಎಷ್ಟನೇ "ಬಟನ್" ಯಾವುದು ಅಂತ ಮಗನ ಜೊತೆ ಕೂತು ಒಂದು ಸಲ ಎಣಿಸಿ ಬರೆದಿಟ್ಟುಕೊಳ್ಳಿ. ಮೂರನೆಯದು ಉಳಿಸು, ಐದನೆಯದು ಪ್ರಿಂಟ್, ಹೀಗೆ. ನಾಳೆಯ ಕೆಲಸ ನಿಲ್ಲುವುದಿಲ್ಲ.